ಬೆಟ್ಟದ ಜನರ ನಾಲಿಗೆಗೆ ಏನು ಬರುವುದಿಲ್ಲ?

ಪ್ರೀತಿಯ ತಮ್ಮ,

ನೀನು ಕಳಿಸಿದ ಅಧ್ಯಾಯಗಳನ್ನೆಲ್ಲ ಓದಿದೆ. ಕಥೆ ಚೆನ್ನಾಗಿ ಓಡುತ್ತಿದೆ, ಅದರ ಬಗ್ಗೆ ಇನ್ನೊಮ್ಮೆ ಬರೆಯುತ್ತೇನೆ. ಇವತ್ತು ಬೆಟ್ಟದ ಜನರಿಗೆ ನೀನು ಕಟ್ಟಿಕೊಟ್ಟ ಭಾಷೆಯ ವಿಷಯ ಮಾತ್ರ.

ನಾಯಕನ ಹೆಸರು ಕ್ಷ್ರಾಖ್. ನದಿ ಝ್ವೆರ್ಗ್. ಅವನ ತಂಗಿ ಮಾತ್ರ ಲಿಮಾ, ಊರು ಸಾನೆಲೊ. ಒಂದೇ ಮನೆಯಲ್ಲಿ ಹುಟ್ಟಿದವರ ಹೆಸರು ಅನ್ನಿಸುವುದಿಲ್ಲ, ಅಲ್ವಾ? ಒರಟು ಜನ ಅಂತ ತೋರಿಸಲು ಒತ್ತಕ್ಷರ ಪೇರಿಸಿದ್ದೀಯ. ಒತ್ತಕ್ಷರ ಪೇರಿಸಿದ ಮಾತ್ರಕ್ಕೆ ಮಾತು ಒರಟಾಗುವುದಿಲ್ಲ.

ಸ್ಟಾರ್ ಟ್ರೆಕ್ ಕಥೆಗಳಲ್ಲಿ ಬರುವ ಅನ್ಯಗ್ರಹದ ಯೋಧರ ಮಾತು, ಕ್ಲಿಂಗಾನ್ ಭಾಷೆಯನ್ನೇ ನೋಡು. 1984ರ ಸ್ಟಾರ್ ಟ್ರೆಕ್ ಸಿನಿಮಾಕ್ಕಾಗಿ ಭಾಷಾವಿಜ್ಞಾನಿ ಮಾರ್ಕ್ ಓಕ್ರಂಡ್ ಅದನ್ನು ಬೆಳೆಸಿದರು. ಕೇಳಿದರೆ ಜಗಳಕ್ಕೆ ನಿಂತವರ ಮಾತಿನ ಹಾಗಿರುತ್ತದೆ. ಆದರೆ ಅದರ ಪ್ರತಿ ಉಚ್ಚಾರಾಂಶವೂ, ಅಂದರೆ ಒಂದು ಸ್ವರದ ಸುತ್ತ ಒಟ್ಟಿಗೆ ಹೇಳುವ ಪದದ ತುಂಡೂ, ಒಂದೇ ಒಂದು ವ್ಯಂಜನದಿಂದ ಶುರುವಾಗಬೇಕು. ಮೊದಲಲ್ಲಿ ಎರಡು ವ್ಯಂಜನ ಕೂಡುವಂತಿಲ್ಲ. ನಿನ್ನ ಕ್ಷ್ರಾಖ್ ಅಲ್ಲಿ ಹುಟ್ಟುವುದೇ ಇಲ್ಲ! ಆ ಭಾಷೆಯ ಬಿರುಸು ಬಂದಿರುವುದು ಗಂಟಲ ಆಳದಿಂದ ಬರುವ ಧ್ವನಿಗಳಿಂದ, ಮತ್ತು ಬೇಕೆಂದೇ ಬಿಟ್ಟ ಖಾಲಿ ಜಾಗಗಳಿಂದ. ನಾಲಿಗೆ ಮಡಿಚಿ ಹೇಳುವ, ನಮ್ಮ ಡ ತರಹದ ಧ್ವನಿ ಇದೆ. ಹಾಗೇ ಮಡಿಚಿ ಹೇಳುವ ಟ ಇಲ್ಲ. ನಮ್ಮ ಕ, ಗ ಎರಡೂ ಇಲ್ಲ.

ಹಾಗಾಗಿ ಮೊದಲು ಪದ ಕಟ್ಟಬೇಡ. ಆ ಜನರ ಬಾಯಿಗೆ ಏನು ಬರುವುದಿಲ್ಲ ಅಂತ ಬರೆದಿಟ್ಟುಕೋ. ಕಟ್ಟಿದ ಭಾಷೆಗೆ ಮುಖ ಕೊಡುವುದು ಆ ಪಟ್ಟಿಯೇ ಅಂತ ನಾನು ಬಲವಾಗಿ ನಂಬಿದ್ದೇನೆ.

ಇದನ್ನು ಕೊನೆಯವರೆಗೂ ಎಳೆದು ನೋಡಬೇಕಾದರೆ ಟೋಕಿ ಪೋನಾ ಇದೆ. ಕೆನಡಾದ ಸೋನ್ಯಾ ಲಾಂಗ್ 2001ರಲ್ಲಿ ರೂಪಿಸಿದ ಪುಟ್ಟ ಭಾಷೆ. 9 ವ್ಯಂಜನ, 5 ಸ್ವರ. ಒಂದು ವ್ಯಂಜನ (ಪದದ ಮೊದಲಲ್ಲಿ ಅದು ಇಲ್ಲದಿದ್ದರೂ ನಡೆಯುತ್ತದೆ), ಒಂದು ಸ್ವರ, ಬೇಕಿದ್ದರೆ ಕೊನೆಗೊಂದು ನ್. ಉಚ್ಚಾರಾಂಶ ಅಂದರೆ ಅಷ್ಟೇ. ಅದರಲ್ಲೂ ತಿ, ಯಿ, ವು, ವೊ ಬರುವಂತಿಲ್ಲ. ನ್ ಆದಮೇಲೆ ಮ, ನ ಬರುವಂತಿಲ್ಲ. ಲೆಕ್ಕ ಹಾಕಿದರೆ ಸಿಗುವುದು ಬರೀ 92 ಉಚ್ಚಾರಾಂಶ. ಅಲ್ಲಿ ಬ ಇಲ್ಲ, ರ ಇಲ್ಲ. ಹಾಗಾಗಿ ಭಾರತ ಅಲ್ಲಿಗೆ ಹೋಗಿ ಪಲತಾ ಆಗಿದೆ. ಇಂಥ ಒಂದು ಹೆಸರು ಕೇಳಿದರೂ ಸಾಕು, ಇದು ಯಾರ ಬಾಯಿಂದ ಬಂದದ್ದು ಅಂತ ಗೊತ್ತಾಗಿಬಿಡುತ್ತದೆ.

ದೂರ ಯಾಕೆ, ನಿನ್ನ ಕಿವಿಯೊಳಗೇ ಇಂಥ ನಿಯಮ ಕೂತಿದೆ. ಬಸ್ ಬಂತು, ಬಸ್ಸು ಅಂದೆವು. ಕಾರ್ ಬಂತು, ಕಾರು ಅಂದೆವು. ಕಾರ್ರು ಅಂತ ಯಾಕೆ ಅನ್ನಲಿಲ್ಲ? ಪೆನ್ನು, ಪಿನ್ನು, ಕಪ್ಪು ಒಂದು ಕಡೆ. ಕೋಟು, ನೋಟು, ಸೂಟು ಇನ್ನೊಂದು ಕಡೆ. ಸ್ವರ ಗಿಡ್ಡವಿದ್ದರೆ ವ್ಯಂಜನ ಇಮ್ಮಡಿಯಾಗುತ್ತದೆ, ಉದ್ದವಿದ್ದರೆ ಸುಮ್ನೆ ಒಂದು ಉ ಸೇರುತ್ತದೆ. ಯಾವ ಮೇಷ್ಟ್ರೂ ಇದನ್ನು ನಮಗೆ ಹೇಳಿಕೊಟ್ಟಿಲ್ಲ. ಇನ್ನೂ ಸೊಗಸಾದ ಮಾತು ಕೇಳು. ಹಳಗನ್ನಡದ ಕಣ್, ಕಲ್ ಮುಂದೆ ಕಣ್ಣು, ಕಲ್ಲು ಆದವು. ಕಾಲ್, ಬೇರ್ ಮಾತ್ರ ಕಾಲು, ಬೇರು ಆದವು. ನೂರಾರು ವರ್ಷದ ಹಿಂದೆ ಕಣ್ಣಿಗೂ ಕಾಲಿಗೂ ಆದದ್ದೇ ನಮ್ಮ ಕಾಲದಲ್ಲಿ ಬಸ್ಸಿಗೂ ಕಾರಿಗೂ ಆಯಿತು. ಇದನ್ನು ನೆನೆದಾಗಲೆಲ್ಲ ನನಗೆ ರೋಮಾಂಚನವಾಗುತ್ತದೆ.

ನಿನ್ನ ಬೆಟ್ಟದ ಭಾಷೆಗೂ ಇಂಥದ್ದೊಂದು ಗಟ್ಟಿ ನಿಯಮ ಬೇಕು. ಹೊರಗಿನ ಪದ ಬಂದರೆ ಅವರು ಅದನ್ನು ಹೇಗೆ ಮುರಿಯುತ್ತಾರೆ? ಎರಡು ಪದ ಕೂಡಿದಾಗ ಏನು ಮಾಡುತ್ತಾರೆ? ನಾವು ಮಳೆ, ಕಾಲ ಸೇರಿಸಿ ಮಳೆಗಾಲ ಅನ್ನುತ್ತೇವೆ. ಮನೆ, ಅಲ್ಲಿ ಸೇರುವಾಗ ನಡುವೆ ಒಂದು ಯ ತಂದು ಮನೆಯಲ್ಲಿ ಅನ್ನುತ್ತೇವೆ. ಅವರಿಗೆ ಸ್ವರದ ಪಕ್ಕ ಸ್ವರ ಬಂದರೆ ಸಹಿಸುತ್ತದಾ, ಇಲ್ಲವಾ? ತೀರ್ಮಾನ ಮಾಡಿ ಅದಕ್ಕೇ ಅಂಟಿಕೋ. ಇಷ್ಟದ ಹೆಸರೊಂದು ನಿಯಮ ಮೀರಿದರೆ ಆ ಮೀರುವಿಕೆಗೆ ಕಥೆಯಲ್ಲೇ ಕಾರಣ ಹುಟ್ಟಬೇಕು. ಲಿಮಾ ಅನ್ನೋ ಹೆಸರನ್ನು ಬಿಡಲು ಮನಸ್ಸಿಲ್ಲದಿದ್ದರೆ ಅವಳ ತಾಯಿಯನ್ನು ಬಯಲುಸೀಮೆಯಿಂದ ತಾ. ಅಜ್ಜಿ ಅವಳನ್ನು ದೂರ ಇಡುವುದಕ್ಕೂ ಆಗ ಕಾರಣ ಸಿಗುತ್ತದೆ.

ಸಂತೆಯ ಪ್ರಸಂಗದಲ್ಲಿ ಬಯಲಿನ ವ್ಯಾಪಾರಿ ನಾಯಕನನ್ನು ಕೂಗುತ್ತಾನಲ್ಲ, ಅಲ್ಲಿ ಒಳ್ಳೇ ಅವಕಾಶವಿದೆ. ಬಯಲಿನವರ ಬಾಯಿಗೆ ಒತ್ತಕ್ಷರವೂ ಬರುವುದಿಲ್ಲ, ಖ ಕೂಡ ಬರುವುದಿಲ್ಲ, ಅವರ ಪದಗಳು ಸ್ವರದಲ್ಲೇ ಮುಗಿಯುತ್ತವೆ ಅಂತ ಇಟ್ಟುಕೋ. ಆಗ ಅವನ ಬಾಯಲ್ಲಿ ಕ್ಷ್ರಾಖ್ ರಾಕಾ ಆಗುತ್ತಾನೆ. ಇವನು ಹೊರಗಿನವನು ಅಂತ ನೀನು ಬರೆದಿರುವ ಎರಡು ಸಾಲು ಆಮೇಲೆ ಬೇಕಾಗುವುದಿಲ್ಲ.

ಇನ್ನೊಂದು ವಿಷಯ. ನಿನ್ನ ಪುಸ್ತಕ ಕನ್ನಡ ಲಿಪಿಯಲ್ಲಿ ಅಚ್ಚಾಗುತ್ತದೆ. ಝ್ವೆರ್ಗ್ ಅಂತ ನೋಡಿದ ಓದುಗ ಒಮ್ಮೆ ಎಡವುತ್ತಾನೆ, ಮುಂದಿನ ಸಲ ಹೆಸರನ್ನೇ ಹಾರಿಸಿ ಓದುತ್ತಾನೆ. ಜಾಸ್ತಿ ಬರುವ ಹೆಸರುಗಳನ್ನಾದರೂ ಬಾಯಿಬಿಟ್ಟು ಹೇಳಿ ನೋಡು. ಓಡುತ್ತಾ, ಕೂಗುತ್ತಾ ಹೇಳಲಾಗುತ್ತದಾ ಅಂತಲೂ ನೋಡು. ನಿನ್ನ ಜನ ಕಣಿವೆಯಿಂದ ಕಣಿವೆಗೆ ಕೂಗಿ ಕರೆಯುವವರು ತಾನೇ?

ಹಾಡುಗಳನ್ನು ಈಗಲೇ ಮುಟ್ಟಬೇಡ. ಮೊದಲು ಬೇಡದ್ದರ ಪಟ್ಟಿ ಮಾಡಿ ನನಗೆ ಕಳಿಸು, ಹೆಸರುಗಳನ್ನು ಆಮೇಲೆ ಇಬ್ಬರೂ ಕೂತು ನೋಡೋಣ. ಈ ತಿಂಗಳೆಲ್ಲ ನಾನು ಊರಲ್ಲೇ ಇರುತ್ತೇನೆ.

ನಿನ್ನ ಅಕ್ಕ