ಭಾನುವಾರ ಎಲೆಚೀಲ ಕಟ್ಟುವ ಬಗ್ಗೆ

ಎಲ್ಲರಿಗೂ ನಮಸ್ಕಾರ. ಹಳ್ಳದ ನೀರಿನಲ್ಲಿ ಎಲೆ ಎಷ್ಟು ಬೇಗ ಕೊಳೆಯುತ್ತದೆ ಎಂದು ತೂಕದ ಇಳಿಕೆಯಿಂದ ತಿಳಿಯಲು, ಭಾನುವಾರ ಬೆಳಿಗ್ಗೆ 7ಕ್ಕೆ ಬೀದರಿನಿಂದ ಕಾರಂಜಾ ನದಿ ಕಡೆಯ ಹಳ್ಳಕ್ಕೆ ಹೊರಡುತ್ತೇವೆ. ಉದುರಿದ ಹೊಂಗೆ ಎಲೆಗಳನ್ನು ಒಣಗಿಸಿ ತನ್ನಿ. ಹಸಿ ಎಲೆ ಬೇಡ, ತೂಕದ ಲೆಕ್ಕ ಕೆಡುತ್ತದೆ.

ತೂಗಿದ ಎಲೆಗಳನ್ನು ಎರಡು ಬಗೆಯ ಬಲೆಚೀಲಗಳಲ್ಲಿ ತುಂಬಿ ನೀರಿನೊಳಗಿನ ಕಲ್ಲಿಗೆ ಕಟ್ಟುತ್ತೇವೆ. ಸಣ್ಣ ಕಣ್ಣಿನ ಚೀಲದಲ್ಲಿ ಕೊಳೆಸುವ ಕೆಲಸವೆಲ್ಲ ಹೆಚ್ಚುಕಡಿಮೆ ಶಿಲೀಂಧ್ರ, ಬ್ಯಾಕ್ಟೀರಿಯಾಗಳದ್ದೇ. ದೊಡ್ಡ ಕಣ್ಣಿನದಕ್ಕೆ ಎಲೆ ತಿನ್ನುವ ಹುಳುಗಳೂ ನುಗ್ಗುತ್ತವೆ. ಶಿಲೀಂಧ್ರ ಹದಮಾಡಿದ ಎಲೆಯೆಂದರೆ ಅವುಗಳಿಗೆ ಇಷ್ಟ. ನೀರು ಬಿಸಿಯಾದಂತೆ ಒಂದು ಮಿತಿಯವರೆಗೆ ಶಿಲೀಂಧ್ರಗಳು ಚುರುಕಾಗುತ್ತವೆ. ನೀರಿನಲ್ಲಿ ತಾಮ್ರ, ಸತು, ಕ್ಯಾಡ್ಮಿಯಂನಂಥ ಲೋಹ ಹೆಚ್ಚಾದರೆ ಶಿಲೀಂಧ್ರಗಳ ಬೆಳವಣಿಗೆಯೂ, ಅವು ಹರಡಲು ಬಿಡುವ ಬೀಜಕಗಳೂ ಕುಗ್ಗುತ್ತವೆ. ಎರಡೂ ಕೂಡಿದಾಗ ಬಿಸಿ ಕೊಟ್ಟ ವೇಗವನ್ನು ಲೋಹ ಕಸಿದುಕೊಳ್ಳಬಹುದು. ಆದ್ದರಿಂದ ಎಲೆ ಎಂದಿನಂತೆ ಕೊಳೆಯುತ್ತಿದೆ ಎಂದಮಾತ್ರಕ್ಕೆ ನೀರು ಶುದ್ಧವೆನ್ನಲಾಗದು. ನನಗೆ ಅತ್ಯಂತ ಕುತೂಹಲದ ಸಂಗತಿ ಇದೇ.

ಬಿದರಿ ಕಲೆಯ ಲೋಹವೂ ಸತು, ತಾಮ್ರವಲ್ಲವೇ ಎಂದು ಕೆಲವರು ಕೇಳಿದ್ದೀರಿ. ಹೌದು. ಆದರೆ ಅಳೆಯದೆ ಕುಶಲಕರ್ಮಿಗಳತ್ತ ಬೆರಳು ತೋರಿಸುವುದು ಅನ್ಯಾಯ. ಲೋಹದ ಪ್ರಮಾಣ ತಿಳಿಯಲು ನೀರಿನ ಮಾದರಿ ಪ್ರಯೋಗಾಲಯಕ್ಕೇ ಹೋಗಬೇಕು, ಚೀಲಗಳು ಅದನ್ನು ಹೇಳುವುದಿಲ್ಲ.

ನೀರಿನ ಬಿಸಿ ಅಳೆಯುವ ಥರ್ಮಾಮೀಟರ್ ಇದ್ದವರು ತನ್ನಿ. ಮಕ್ಕಳೊಂದಿಗೆ ಹಿರಿಯರೊಬ್ಬರು ಇರಲಿ. ಮಳೆಯಿಂದ ಹಳ್ಳ ಏರಿದರೆ ಕಾರ್ಯಕ್ರಮ ಮುಂದಿನ ವಾರಕ್ಕೆ.