ಮೂರನೇ ಅನುಬಂಧವನ್ನು ಓದಿದವರಿಗೆ

ನಮ್ಮ ವಿಶ್ವವಿದ್ಯಾಲಯಕ್ಕೂ ಹಣ ಕೊಡುವ ಕಂಪನಿಗೂ ನಡುವಿನ ಸಂಶೋಧನಾ ಒಪ್ಪಂದಕ್ಕೆ ಕಳೆದ ಗುರುವಾರ ಸಂಜೆ ನಾಲ್ಕೂವರೆಗೆ ಎರಡೂ ಕಡೆಯವರ ಸಹಿ ಬಿತ್ತು. ಮೊದಲ ಕರಡು ನನ್ನ ಕೈಗೆ ಬಂದಂದಿನಿಂದ ಎಣಿಸಿದರೆ ಒಂಬತ್ತು ತಿಂಗಳು ಹನ್ನೊಂದು ದಿನ. ಯೋಜನೆ ಯಾವುದು, ಹಣ ಕೊಡುವ ಕಂಪನಿ ಯಾವುದು, ನಡುವೆ ಎರಡು ಸಲ ಅದು ಕೈತಪ್ಪುವ ಹಂತಕ್ಕೆ ಬಂದದ್ದು ಹೇಗೆ ಎಂಬುದೆಲ್ಲ ಇದನ್ನು ಓದುವ ಬಹುಪಾಲು ಮಂದಿಗೆ ತಿಳಿದೇ ಇದೆ. ಅದನ್ನು ಮತ್ತೆ ಹೇಳುವುದಿಲ್ಲ. ಈ ಒಂಬತ್ತು ತಿಂಗಳಲ್ಲಿ ನಾನು ಅನೇಕರ ಋಣ ಹೊತ್ತಿದ್ದೇನೆ. ಅದನ್ನು ಬರೆದಿಡಬೇಕು ಅನ್ನಿಸಿದೆ.

ಬಜೆಟ್ ಪಟ್ಟಿಯನ್ನು ಮೂರು ಬಾರಿ ಹೊಸದಾಗಿ ಹಾಕಿಕೊಟ್ಟ ಹಣಕಾಸು ವಿಭಾಗದವರಿಗೆ, ನೈತಿಕ ಸಮಿತಿಯ ಸದಸ್ಯರಿಗೆ, ದತ್ತಾಂಶವನ್ನು ಎಲ್ಲಿಡಬೇಕು, ಯಾರು ತೆರೆಯಬಹುದು ಎಂದು ಕೂರಿಸಿಕೊಂಡು ಹೇಳಿಕೊಟ್ಟ ಮಾಹಿತಿ ಭದ್ರತೆಯ ತಂಡಕ್ಕೆ, ನನ್ನ ಪಾಠದ ಅವಧಿಗಳನ್ನು ಕೇಳದೆಯೇ ವಹಿಸಿಕೊಂಡ ಇಬ್ಬರು ಸಹೋದ್ಯೋಗಿಗಳಿಗೆ, ನನ್ನ ಪ್ರತಿ ಮನವಿಗೂ ಅದೇ ದಿನ ಟಿಪ್ಪಣಿ ಬರೆದು ಮುಂದೆ ಕಳಿಸಿದ ವಿಭಾಗದ ಮುಖ್ಯಸ್ಥರಿಗೆ, ಮನೆಯವರಿಗೆ ನನ್ನ ಮನಃಪೂರ್ವಕ ವಂದನೆಗಳು. ನಿಮ್ಮಲ್ಲಿ ಒಬ್ಬರು ಹಿಂದೆ ಸರಿದಿದ್ದರೂ ಕಡತ ಅಲ್ಲೇ ನಿಲ್ಲುತ್ತಿತ್ತು.

ಇನ್ನು ಉಳಿದ ಬರಹವೆಲ್ಲ ಒಪ್ಪಂದ ಪರಿಶೀಲನಾ ವಿಭಾಗದ ಒಬ್ಬ ಹಿರಿಯ ಅಧಿಕಾರಿಯ ಬಗ್ಗೆ. ತಮ್ಮ ಹೆಸರು ಬೇಡ ಎಂದು ಅವರು ಖಡಾಖಂಡಿತವಾಗಿ ಹೇಳಿದ್ದಾರೆ. ನಾನು ಅವರನ್ನು ಮೇಡಂ ಎಂದೇ ಕರೆದವಳು. ಇಲ್ಲಿಯೂ ಹಾಗೆಯೇ ಕರೆಯುತ್ತೇನೆ.

ಅವರನ್ನು ಮೊದಲ ಸಲ ಕಂಡದ್ದು ಸಿಟ್ಟಿನಲ್ಲಿ. ಕರಡು ಕಳಿಸಿ ಆರು ವಾರವಾಗಿತ್ತು. ಕಂಪನಿಯ ಸಂಶೋಧಕರೂ ನಾನೂ ಕೆಲಸದ ವಿಷಯದಲ್ಲಿ ಒಂದೇ ಕರೆಯಲ್ಲಿ ಒಮ್ಮತಕ್ಕೆ ಬಂದಿದ್ದೆವು. ವಿಜ್ಞಾನಿಗಳು ಒಪ್ಪಿದ ಮೇಲೆ ಈ ಮೇಜಿನಿಂದ ಆ ಮೇಜಿಗೆ ಕಾಗದ ಸುತ್ತುವುದೇಕೆ ಎಂದು ನೇರವಾಗಿ ಕೇಳಿದೆ. ಅವರು ಉತ್ತರ ಕೊಡಲಿಲ್ಲ. ಕುರ್ಚಿ ತೋರಿಸಿ, ಕಡತದಿಂದ ಒಂದು ಹಾಳೆ ತೆಗೆದು ನನ್ನ ಮುಂದಿಟ್ಟರು. ಮಾತುಕತೆಯ ಮೊದಲ ವಾರದಲ್ಲಿ ಕಂಪನಿ ಕಳಿಸಿದ್ದ ಗೋಪ್ಯತಾ ಪತ್ರ ಅದು. ಕೆಳಗೆ ನನ್ನ ಸಹಿ ಇತ್ತು. ಎರಡು ಪುಟದ ಮಾಮೂಲಿ ಕಾಗದ ಎಂದುಕೊಂಡು ವಿಶ್ವವಿದ್ಯಾಲಯದ ಪರವಾಗಿ ನಾನೇ ಸಹಿ ಹಾಕಿ ಕಳಿಸಿಬಿಟ್ಟಿದ್ದೆ.

ಸಂಸ್ಥೆಯ ಪರವಾಗಿ ಸಹಿ ಹಾಕುವ ಅಧಿಕಾರ ಲಿಖಿತವಾಗಿ ವಹಿಸಿಕೊಟ್ಟ ಕೆಲವೇ ಜನರಿಗೆ ಇರುತ್ತದೆ. ಸಂಶೋಧನೆ ನನ್ನದೇ ಆದರೂ ಒಪ್ಪಂದ ಮಾಡಿಕೊಳ್ಳುವುದು ವಿಶ್ವವಿದ್ಯಾಲಯ. ನಾನು ಅದನ್ನು ಓದಿ ಅರ್ಥವಾಗಿದೆ ಎಂದು ಒಪ್ಪುವವಳು ಮಾತ್ರ. ಅಧಿಕಾರವಿಲ್ಲದೆ ಹಾಕಿದ ಸಹಿಯಿಂದ ಸಂಸ್ಥೆ ಬದ್ಧವಾಗುತ್ತದೆಯೇ ಎಂಬುದೇ ತಕರಾರಿನ ವಿಷಯವಾಗಬಹುದು, ಆ ತಕರಾರು ಸಹಿ ಹಾಕಿದವರ ಹೆಗಲಿಗೇ ಏರಬಹುದು. ಮೇಡಂ ಇದನ್ನು ನಾಲ್ಕು ವಾಕ್ಯಗಳಲ್ಲಿ ಹೇಳಿದರು, ದನಿ ಏರಿಸದೆ. ಆ ಪತ್ರವನ್ನು ರದ್ದು ಮಾಡಿಸಿ, ಅದರ ಜಾಗದಲ್ಲಿ ಸಂಸ್ಥೆಯ ಹೆಸರಿನ ಬೇರೆ ಪತ್ರ ಮಾಡಿಸುವ ಕೆಲಸವನ್ನು ಅವರು ಆಗಲೇ ಆರಂಭಿಸಿದ್ದರು. ನಾನು ಯಾವ ವಿಳಂಬದ ಮೇಲೆ ಕೂಗಾಡಲು ಹೋಗಿದ್ದೆನೋ ಅದರ ಅರ್ಧ ನನ್ನನ್ನು ಕಾಪಾಡುವುದಕ್ಕೇ ಖರ್ಚಾಗಿತ್ತು.

ಅಂದಿನಿಂದ ಆ ಕೋಣೆಗೆ ಹೋಗುವಾಗ ಪೆನ್ನು, ಪುಸ್ತಕ ಹಿಡಿದು ಹೋಗತೊಡಗಿದೆ. ಒಪ್ಪಂದವನ್ನು ಓದುವುದು ಹೇಗೆಂದು ನನಗೆ ಯಾರೂ ಕಲಿಸಿರಲಿಲ್ಲ. ನಮ್ಮಲ್ಲಿ ಹೆಚ್ಚಿನವರಿಗೆ ಕಲಿಸಿರುವುದಿಲ್ಲ. ಸಂಶೋಧನೆ ಆರಂಭವಾಗುವ ಮೊದಲೇ ನಮ್ಮ ಬಳಿ ಇದ್ದ ಜ್ಞಾನ ಯಾರದು, ಆರಂಭವಾದ ಮೇಲೆ ಹುಟ್ಟುವುದು ಯಾರದು ಎಂದು ಬೇರ್ಪಡಿಸಿ ಬರೆಯಬೇಕು; ಇಲ್ಲವಾದರೆ ಹತ್ತು ವರ್ಷದ ಹಿಂದಿನ ಕೆಲಸವೂ ಹೊಸ ಒಪ್ಪಂದದೊಳಗೆ ಸೇರಿಹೋಗುತ್ತದೆ. ಇಂಥ ಫಲಿತಾಂಶ ಬಂದೇ ಬರುತ್ತದೆ ಎಂದು ಖಾತರಿ ಕೊಡುವ ಒಂದು ಸಾಲೂ ಇರಕೂಡದು, ಏಕೆಂದರೆ ಬರುತ್ತದೋ ಇಲ್ಲವೋ ಎಂದು ನೋಡುವುದೇ ಸಂಶೋಧನೆ. ನಷ್ಟಭರ್ತಿಯ ಷರತ್ತಿನಲ್ಲಿ ‘ಯಾವುದೇ ಕಾರಣದಿಂದ’ ಎಂಬ ಎರಡು ಪದ ಕಂಡರೆ ಅಲ್ಲಿ ನಿಲ್ಲಬೇಕು: ಕಂಪನಿ ಮಾಡಿದ ತಪ್ಪಿನ ದಂಡವನ್ನೂ ವಿದ್ಯಾರ್ಥಿಗಳ ಶುಲ್ಕದಿಂದ ನಡೆಯುವ ಸಂಸ್ಥೆಯೇ ತೆರಬೇಕಾದೀತು. ಅದನ್ನು ಅವರವರ ನಿರ್ಲಕ್ಷ್ಯಕ್ಕೆ ಅವರವರೇ ಹೊಣೆ ಎಂದು ತಿದ್ದಿಸಲು ನಮಗೆ ಹತ್ತು ವಾರ ಹಿಡಿಯಿತು. ಯಾವ ನೆಲದ ಕಾನೂನು ಅನ್ವಯವಾಗಬೇಕೆಂಬ ಪ್ರಶ್ನೆಗಂತೂ ಕೊನೆಯವರೆಗೂ ಇಬ್ಬರೂ ಬಗ್ಗಲಿಲ್ಲ. ಯಾರ ಮೇಲೆ ದಾವೆ ಹೂಡುತ್ತಾರೋ ಅವರ ನೆಲದ ನ್ಯಾಯಾಲಯದಲ್ಲೇ ಹೂಡತಕ್ಕದ್ದು ಎಂದು ಬರೆದು ಆ ಗಂಟು ಬಿಡಿಸಿದವರೂ ಮೇಡಂ ಅವರೇ.

ಇನ್ನು ಒಂದು ರಾತ್ರಿಯ ವಿಷಯಕ್ಕೆ ಬರುತ್ತೇನೆ. ಅದಕ್ಕೆ ಬರಲು ಇಷ್ಟು ಹೊತ್ತು ತೆಗೆದುಕೊಂಡದ್ದು ಸುಮ್ಮನೆ ಅಲ್ಲ.

ಏಳನೇ ತಿಂಗಳಲ್ಲಿ ಒಂದು ಮಧ್ಯಾಹ್ನ ಕಂಪನಿಯಿಂದ ಪತ್ರ ಬಂತು. ಅವರ ಆರ್ಥಿಕ ವರ್ಷ ಮುಗಿಯುತ್ತಿದೆ, ಮರುದಿನ ಹನ್ನೆರಡು ಗಂಟೆಯೊಳಗೆ ಕರಡಿಗೆ ಒಪ್ಪಿಗೆ ಬಾರದಿದ್ದರೆ ಈ ಹಣವನ್ನು ಬೇರೆ ಕಡೆಗೆ ವರ್ಗಾಯಿಸಬೇಕಾಗುತ್ತದೆ ಎಂದು. ಜೊತೆಗೆ ‘ಅಂತಿಮ’ ಎಂಬ ಹೆಸರಿನ ಹೊಸ ಕಡತ. ಮೂವತ್ತೆಂಟು ಪುಟ, ಮೂರು ಅನುಬಂಧ.

ನನ್ನ ಸಂಶೋಧನಾ ವಿದ್ಯಾರ್ಥಿನಿ ಈ ಯೋಜನೆಯನ್ನು ನಂಬಿ ಬೇರೊಂದು ಕಡೆಯ ಅವಕಾಶವನ್ನು ಬಿಟ್ಟಿದ್ದಳು. ಬಿಡು ಎಂದು ನಾನು ಹೇಳಿರಲಿಲ್ಲ. ಆದರೆ ಹಣ ಬರುವುದು ಖಚಿತ ಎಂದು ಹೇಳಿದ್ದೆ, ಅದು ಬಿಡು ಎಂದು ಹೇಳಿದಷ್ಟೇ ಆಯಿತು. ಏಳು ತಿಂಗಳಿಂದ ಅವಳು ವಿದ್ಯಾರ್ಥಿವೇತನವಿಲ್ಲದೆ ಕೆಲಸ ಮಾಡುತ್ತಿದ್ದಳು, ಒಂದು ದಿನವೂ ಏನಾಯಿತೆಂದು ಕೇಳದೆ. ಕೇಳಿದ್ದರೆ ನನಗೆ ಹಗುರವಾಗುತ್ತಿತ್ತು. ಕಚೇರಿಗಳು ಮುಚ್ಚುವ ಹೊತ್ತಿಗೆ ನಾನು ಆ ಕಡತ ಹಿಡಿದು ಮೇಡಂ ಅವರ ಕೋಣೆಗೆ ಹೋದೆ. ಅವರು ಹೊರಡಲು ಚೀಲ ಹೆಗಲಿಗೇರಿಸಿದ್ದರು. ನನ್ನ ಮುಖ ನೋಡಿ ಚೀಲ ಕೆಳಗಿಟ್ಟರು.

ಮೊದಲ ಮೂರು ಗಂಟೆ ಎಲ್ಲ ಸರಿಯಾಗಿಯೇ ಕಂಡಿತು. ಪ್ರಕಟಣೆಯ ಷರತ್ತು ನಾವು ಕೇಳಿದಂತೆಯೇ ಇತ್ತು: ಲೇಖನದ ಕರಡನ್ನು ಕಂಪನಿಗೆ 30 ದಿನ ಮೊದಲು ತೋರಿಸುವುದು, ಪೇಟೆಂಟ್ ಅರ್ಜಿ ಹಾಕುವುದಿದ್ದರೆ ಇನ್ನು 60 ದಿನ ಕಾಯುವುದು. ಇದು ನ್ಯಾಯವಾದ ಬೇಡಿಕೆ. ಮೊದಲೇ ಪ್ರಕಟವಾಗಿಬಿಟ್ಟದ್ದಕ್ಕೆ ಅನೇಕ ದೇಶಗಳಲ್ಲಿ ಪೇಟೆಂಟ್ ಸಿಗುವುದಿಲ್ಲ. ನಾನು ನಿಟ್ಟುಸಿರುಬಿಟ್ಟು ಎದ್ದೆ. ಮೇಡಂ ಏಳಲಿಲ್ಲ. ಪ್ರಕಟಣೆಯ ಷರತ್ತಿನಿಂದ ಬೆರಳು ತೆಗೆಯದೆಯೇ ಇನ್ನೊಂದು ಕೈಯಿಂದ ಒಂದನೇ ಪುಟಕ್ಕೆ, ವ್ಯಾಖ್ಯೆಗಳಿಗೆ ಮರಳಿದರು. ಅಲ್ಲಿಂದ ಮೂರನೇ ಅನುಬಂಧಕ್ಕೆ. ಆ ಅನುಬಂಧ ಪರೀಕ್ಷೆಯ ಮಾದರಿಗಳನ್ನು (ಸ್ಯಾಂಪಲ್‌ಗಳನ್ನು) ಹೇಗೆ ಸಾಗಿಸಬೇಕು ಎಂಬುದರ ಬಗ್ಗೆ ಇತ್ತು. ನಾನು ಅದನ್ನು ತೆರೆದೂ ನೋಡಿರಲಿಲ್ಲ.

ಆ ಅನುಬಂಧದ ನಾಲ್ಕನೇ ಸಾಲಿನಲ್ಲಿ, ಮಾದರಿಗಳಿಂದ ದೊರೆತ ಎಲ್ಲ ಫಲಿತಾಂಶಗಳೂ ಗೋಪ್ಯ ಮಾಹಿತಿ ಎಂದಿತ್ತು. ಒಂದನೇ ಪುಟದಲ್ಲಿ, ಮುಖ್ಯ ಪಠ್ಯಕ್ಕೂ ಅನುಬಂಧಕ್ಕೂ ವಿರೋಧ ಬಂದರೆ ಅನುಬಂಧವೇ ಮೇಲು ಎಂದಿತ್ತು. ಗೋಪ್ಯತೆಯ ಅವಧಿ ಹತ್ತು ವರ್ಷ. ಮೂರನ್ನೂ ಸೇರಿಸಿ ಓದಿದರೆ ಹದಿನೆಂಟನೇ ಪುಟದಲ್ಲಿ ಕೊಟ್ಟ ಪ್ರಕಟಣೆಯ ಹಕ್ಕು ಇಲ್ಲವಾಗುತ್ತಿತ್ತು. ನನ್ನ ವಿದ್ಯಾರ್ಥಿನಿಯ ಪ್ರಬಂಧವನ್ನು ಪರೀಕ್ಷಕರಿಗೆ ಕೊಡುವುದಕ್ಕೂ ಕಂಪನಿಯ ಅನುಮತಿ ಬೇಕಾಗುತ್ತಿತ್ತು. ಬೇಕೆಂದೇ ಯಾರೋ ಹೀಗೆ ಮಾಡಿದ್ದಾರೆ ಎಂದು ಮೇಡಂ ಹೇಳಲಿಲ್ಲ. ಹಳೆಯ ಮಾದರಿ ಕರಡಿನ ತುಂಡು ಇಲ್ಲಿ ಉಳಿದುಬಿಟ್ಟಿದೆ ಅಷ್ಟೇ ಎಂದರು. ಅದು ಹಾಗೆಯೇ ಇತ್ತೆಂದು ಆಮೇಲೆ ತಿಳಿಯಿತು.

ಆಗ ರಾತ್ರಿ ಹನ್ನೊಂದು ದಾಟಿತ್ತು. ನಾನು ಹೇಳಿದ ಮಾತನ್ನು ಇದ್ದಂತೆಯೇ ಬರೆಯುತ್ತೇನೆ. “ಹಾಗೇ ಕಳಿಸಿಬಿಡಿ ಮೇಡಂ. ಮುಂದೆ ಏನಾದರೂ ಆದರೆ ನಾನು ಹೊರುತ್ತೇನೆ.”

“ನೀವು ಹೊರುವುದಲ್ಲ,” ಎಂದರು ಅವರು. “ಆ ಹುಡುಗಿ ಹೊರುತ್ತಾಳೆ.”

ನನಗೆ ಅಳು ಬಂತು. ಏಳು ತಿಂಗಳಲ್ಲಿ ಒಮ್ಮೆಯೂ ಅತ್ತಿರಲಿಲ್ಲ. ಹಣ ಹೋದರೂ ಅವಳಿಗೆ ಅನ್ಯಾಯ, ಬಂದರೂ ಅವಳಿಗೆ ಅನ್ಯಾಯ, ಎರಡಕ್ಕೂ ಕಾರಣ ನಾನು ಎಂಬುದು ಆ ಕ್ಷಣ ಸೂರ್ಯನ ಬೆಳಕಿನಷ್ಟು ಸ್ಪಷ್ಟವಾಗಿತ್ತು. ಈ ವೃತ್ತಿಗೆ ನಾನು ಬರಬಾರದಿತ್ತು ಎಂದೂ ಅಂದೆ. ಮೇಡಂ ಸಮಾಧಾನ ಹೇಳಲಿಲ್ಲ, ನಾನು ಸುಮ್ಮನಾಗುವವರೆಗೆ ಕಾದರು. ಆಮೇಲೆ ಒಂದು ಸಂಗತಿ ಹೇಳಿದರು.

ಸ್ಯಾನ್ ಫ್ರಾನ್ಸಿಸ್ಕೋದಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬೆಟ್ಟಿ ಡಾಂಗ್ ಅವರ ಅಧ್ಯಯನದ ಸಂಗತಿ ಅದು. ಥೈರಾಯ್ಡ್ ಕೊರತೆಗೆ ಕೊಡುವ ಒಂದು ಪ್ರಸಿದ್ಧ ಮಾತ್ರೆಯನ್ನು ಅದರ ಅಗ್ಗದ ಪರ್ಯಾಯಗಳೊಂದಿಗೆ ಹೋಲಿಸಿ ನೋಡಲು ಆ ಮಾತ್ರೆಯ ಕಂಪನಿಯೇ ಹಣ ಕೊಟ್ಟಿತ್ತು. ಹೋಲಿಸಿದ ಮಾತ್ರೆಗಳೆಲ್ಲ ಸಮಾನ ಎಂದು ಫಲಿತಾಂಶ ಬಂತು. ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆ ಲೇಖನವನ್ನು ಒಪ್ಪಿಕೊಂಡಿತ್ತು, 1995ರ ಜನವರಿಯಲ್ಲಿ ಅದು ಅಚ್ಚಾಗಬೇಕಿತ್ತು. ಆದರೆ 1987ರಲ್ಲಿ ಸಹಿಯಾಗಿದ್ದ ಒಪ್ಪಂದದಲ್ಲಿ, ಕಂಪನಿಯ ಲಿಖಿತ ಒಪ್ಪಿಗೆಯಿಲ್ಲದೆ ಪ್ರಕಟಿಸಕೂಡದು ಎಂಬ ಷರತ್ತಿತ್ತು. ಅಧ್ಯಯನ ಸರಿಯಿಲ್ಲ ಎಂದು ಕಂಪನಿ ವಾದಿಸಿತು, ಷರತ್ತನ್ನು ಮುಂದೊಡ್ಡಿತು, ಲೇಖನವನ್ನು ಹಿಂತೆಗೆದುಕೊಳ್ಳಬೇಕಾಯಿತು. ಅದು ಬೆಳಕು ಕಂಡದ್ದು 1997ರ ಏಪ್ರಿಲಿನಲ್ಲಿ.

“ಹತ್ತು ವರ್ಷದ ಹಿಂದಿನ ಒಂದು ಸಾಲು,” ಎಂದರು ಮೇಡಂ. “ಅದನ್ನು ಯಾರೋ ಒಬ್ಬರು ಒಂದು ರಾತ್ರಿ ಹೆಚ್ಚು ಕೂತು ಓದಿದ್ದರೆ ಸಾಕಿತ್ತು.” ಹೀಗೆಂದು ಅನುಬಂಧದ ಕಡೆಗೆ ತಿರುಗಿದರು. ಎರಡು ಗಂಟೆಯವರೆಗೆ ನಾವಿಬ್ಬರೂ ಕೂತೆವು. ಕೆಂಪು ಗುರುತಿನ ತಿದ್ದುಪಡಿ ಮೂರೇ ಮೂರು. ಪ್ರತಿಯೊಂದರ ಕೆಳಗೂ ಕಂಪನಿಯ ವಕೀಲರು ತಮ್ಮ ಮೇಲಿನವರಿಗೆ ಹಾಗೆಯೇ ತೋರಿಸಬಹುದಾದ ಒಂದು ವಾಕ್ಯದ ಕಾರಣ. ಜೊತೆಗೆ, ಉಳಿದೆಲ್ಲ ಷರತ್ತುಗಳಿಗೆ ನಮ್ಮ ಒಪ್ಪಿಗೆ ಇದೆ ಎಂಬ ಪತ್ರ. ಪೂರ್ತಿ ಬೇಡ ಎನ್ನದೆ, ಪೂರ್ತಿ ಸರಿ ಎಂದೂ ಅನ್ನದೆ, ಗಡುವಿನೊಳಗೆ ಕೈಯಲ್ಲಿ ಏನಾದರೊಂದು ಇರುವಂತೆ ಮಾಡಿದ ಆ ಪತ್ರದ ಜಾಣ್ಮೆಯನ್ನು ನಾನು ಎಷ್ಟು ಹೊಗಳಿದರೂ ಸಾಲದು. ಬೆಳಗ್ಗೆ ಏಳಕ್ಕೆ ಅದು ಹೋಯಿತು. ಹತ್ತೂವರೆಗೆ ಕಂಪನಿಯ ವಕೀಲರೇ ಕರೆ ಮಾಡಿ ಎರಡನ್ನು ಅಲ್ಲಿಯೇ ಒಪ್ಪಿದರು, ಹಣವನ್ನು ಕಾದಿರಿಸಲು ಹೇಳಿದರು. ಮೂರನೆಯದಕ್ಕೆ ಐದು ವಾರ ಬೇಕಾಯಿತು. ಎದುರು ಬದಿಯಲ್ಲಿ ಕೂತೂ ನಮ್ಮ ಮಾತಿನ ನ್ಯಾಯವನ್ನು ಕಂಡ ಆ ವಕೀಲರಿಗೂ ನಾನು ಕೃತಜ್ಞಳು.

ಆ ರಾತ್ರಿ ಹೊರಡುವ ಹೊತ್ತಿಗೆ, ಸಂಜೆ ಕೆಳಗಿಟ್ಟಿದ್ದ ಚೀಲವನ್ನು ಹುಡುಕುತ್ತಾ ಮೇಡಂ ಹೇಳಿದ್ದು ಇಷ್ಟೇ: ನಾಳೆ ಆ ಹುಡುಗಿಗೆ ಎಲ್ಲವನ್ನೂ ಹೇಳಿ, ಅವಳಿಗೆ ಗೊತ್ತಿರಬೇಕು. ಹೇಳಿದೆ. ಒಪ್ಪಂದದ ಪ್ರತಿಯನ್ನೂ ಅವಳ ಕೈಗೆ ಕೊಟ್ಟೆ. ಎರಡು ದಿನ ಬಿಟ್ಟು ಅವಳು ಒಂದು ಪ್ರಶ್ನೆಯೊಂದಿಗೆ ಬಂದಳು: ಯೋಜನೆ ನಡುವೆ ನಿಂತರೆ ವಿದ್ಯಾರ್ಥಿವೇತನ ಏನಾಗುತ್ತದೆ? ರದ್ದತಿಯ ಷರತ್ತಿನಲ್ಲಿ ಅದರ ಉಲ್ಲೇಖವೇ ಇರಲಿಲ್ಲ. ನಾನು ನೋಡಿರಲಿಲ್ಲ, ಮೇಡಂ ಕೂಡ ನೋಡಿರಲಿಲ್ಲ. ಆಗಲೇ ಒಪ್ಪಿಕೊಂಡ ವಿದ್ಯಾರ್ಥಿಯ ವೇತನವನ್ನು ಆ ವರ್ಷದ ಕೊನೆಯವರೆಗೆ ಕಂಪನಿ ಭರಿಸತಕ್ಕದ್ದು ಎಂಬ ಸಾಲು ಈಗ ಇಪ್ಪತ್ತೆರಡನೇ ಪುಟದಲ್ಲಿದೆ. ಅದು ಅವಳು ಬರೆಸಿದ ಸಾಲು. ಏಳು ತಿಂಗಳು ನನ್ನನ್ನು ಒಂದು ಪ್ರಶ್ನೆಯನ್ನೂ ಕೇಳದಿದ್ದವಳು ಕೇಳಿದ ಮೊದಲ ಪ್ರಶ್ನೆ ಇದು. ನಿನಗೆ ನನ್ನ ಕೃತಜ್ಞತೆಯ ಜೊತೆಗೆ ಕ್ಷಮೆಯಾಚನೆಯೂ ಸಲ್ಲಬೇಕು, ಅದನ್ನು ಎಲ್ಲರೆದುರೇ ಹೇಳುತ್ತಿದ್ದೇನೆ.

ಗುರುವಾರ ಸಹಿಯಾದ ಪ್ರತಿ ಬಂದ ಕೂಡಲೇ ಮೇಡಂ ಅವರ ಕೋಣೆಗೆ ಓಡಿದೆ. ಅವರ ಮುಂದೆ ಬೇರೆ ಯಾವುದೋ ವಿಭಾಗದ ಕಡತ ತೆರೆದಿತ್ತು, ಎದುರಿನ ಕುರ್ಚಿಯಲ್ಲಿ ನನಗಿಂತ ಚಿಕ್ಕ ವಯಸ್ಸಿನ ಒಬ್ಬ ಅಧ್ಯಾಪಕರು ಮುಖ ಬಿಗಿದುಕೊಂಡು ಕೂತಿದ್ದರು. ನನ್ನ ಕೈಯಿಂದ ಪ್ರತಿ ತೆಗೆದುಕೊಂಡು ಮೇಡಂ ನೇರವಾಗಿ ಕೊನೆಯ ಪುಟಗಳಿಗೆ ಹೋದರು. ಮೂರನೇ ಅನುಬಂಧದ ನಾಲ್ಕನೇ ಸಾಲನ್ನು ಒಮ್ಮೆ ಓದಿ, ತಲೆಯಾಡಿಸಿ, ಹಿಂದಕ್ಕೆ ಕೊಟ್ಟರು.

ಮೇಡಂ, ಎರಡನೇ ಹಂತದ ಒಪ್ಪಂದದ ಕರಡು ಸೋಮವಾರ ನಿಮ್ಮ ಮೇಜಿಗೆ ಬರುತ್ತದೆ. ಸಹಿ ಮಾಡದೆ ಕಳಿಸಿದ್ದೇನೆ. ಅನುಬಂಧಗಳನ್ನು ನಾವಿಬ್ಬರೂ ಓದಿದ್ದೇವೆ, ನಾನು ಮತ್ತು ಅವಳು.