ಕಥೆ ಮೊದಲೋ, ಘೋಷಣೆ ಮೊದಲೋ?

ಮಾನ್ಯ ಸಂಪಾದಕರೆ,

ಹಾಲಿವುಡ್‌ನ 'ಬ್ಯಾಟ್‌ಗರ್ಲ್' ಎಂಬ ಸೂಪರ್‌ಹೀರೊ ಚಿತ್ರದಿಂದ ನಿರ್ದೇಶಕ ಜಾಸ್ ವೆಡನ್ ಹೊರನಡೆದದ್ದನ್ನು ಸಿನಿಮಾ ಪುರವಣಿಯ ಲೇಖನ ದೊಡ್ಡ ಹಿನ್ನಡೆಯೆಂದು ಬಣ್ಣಿಸಿದೆ. ನನ್ನ ದೃಷ್ಟಿಯಲ್ಲಿ ತಪ್ಪಿದ್ದುದು ನಿರ್ಗಮನದಲ್ಲಲ್ಲ, ಅವಸರದ ಘೋಷಣೆಯಲ್ಲಿ.

2017ರಲ್ಲಿ ಈ ಚಿತ್ರದ ನಿರ್ದೇಶಕರಾಗಿ ಅವರ ಹೆಸರು ಹೊರಬಿದ್ದಿತು. ಮರುವರ್ಷ ಫೆಬ್ರುವರಿಯಲ್ಲಿ, ತಮ್ಮ ಬಳಿ ಹೇಳಲು ಕಥೆಯೇ ಇಲ್ಲವೆಂದು ಒಪ್ಪಿಕೊಂಡು ಅವರು ಹಿಂದೆ ಸರಿದರು. 'ಅಭಿಪ್ರಾಯ ಭೇದ' ಎಂಬ ಸವಕಲು ಮಾತಿನ ಮರೆ ಹೊಕ್ಕವರನ್ನೇ ಕಂಡಿರುವ ನಮಗೆ ಇದು ಮೆಚ್ಚಬೇಕಾದ ಪ್ರಾಮಾಣಿಕತೆ. ಆದರೆ ಕಥೆಯಿಲ್ಲದೆ ಸುಮಾರು ಒಂದು ವರ್ಷ ಚಿತ್ರವೊಂದು ಸುದ್ದಿಯಲ್ಲಿದ್ದುದು ಹೇಗೆ? 1967ರಿಂದ ಕಾಮಿಕ್ಸ್ ಪುಟಗಳಲ್ಲಿ ಬ್ಯಾಟ್‌ಗರ್ಲ್ ಆಗಿ ಬದುಕಿರುವ ಬಾರ್ಬರಾ ಗಾರ್ಡನ್ ಎಂಬ ಪಾತ್ರಕ್ಕೆ ತೆರೆಯ ಮೇಲೆ ಸ್ವಂತ ಕಥೆ ಹುಡುಕುವುದು ಅಷ್ಟು ಕಷ್ಟವಾಯಿತೆ? ಮುಂದೆ ಬೇರೆ ನಿರ್ದೇಶಕರು ಚಿತ್ರೀಕರಣ ಮುಗಿಸಿದರೂ, 2022ರ ಆಗಸ್ಟ್‌ನಲ್ಲಿ ನಿರ್ಮಾಣ ಸಂಸ್ಥೆ ವಾರ್ನರ್ ಬ್ರದರ್ಸ್ ಆ ಚಿತ್ರವನ್ನು ಬಿಡುಗಡೆ ಮಾಡದೆ ಮೂಲೆಗೆ ಸರಿಸಿತು. ಅದಕ್ಕೆ ಸುಮಾರು 9 ಕೋಟಿ ಡಾಲರ್ ವೆಚ್ಚವಾಗಿತ್ತೆಂದು ವರದಿಯಾಗಿತ್ತು.

ಶೀರ್ಷಿಕೆ, ಪೋಸ್ಟರ್, ಮುಹೂರ್ತದ ಕ್ಲ್ಯಾಪ್ ಎಲ್ಲ ಮುಗಿದ ಮೇಲೆ ಕಥೆ ಹುಡುಕುವ ಚಾಳಿ ನಮ್ಮ ಗಾಂಧಿನಗರಕ್ಕೂ ಹೊಸದೇನಲ್ಲ. ಆದ್ದರಿಂದ ಹೊಸ ಚಿತ್ರದ ಘೋಷಣೆಯನ್ನು ಪ್ರಕಟಿಸುವಾಗ, ಚಿತ್ರಕಥೆ ಸಿದ್ಧವಿದೆಯೇ, ಬರೆದವರು ಯಾರು ಎಂಬ ಎರಡು ಪ್ರಶ್ನೆಗಳನ್ನು ನಿಮ್ಮ ಸಿನಿಮಾ ವರದಿಗಾರರು ತಪ್ಪದೆ ಕೇಳಿ, ಉತ್ತರವನ್ನೂ ಜೊತೆಗೇ ಅಚ್ಚು ಹಾಕಲಿ.

– ಚಿತ್ರಪ್ರೇಕ್ಷಕಿ, ತುಮಕೂರು